“ಕೌಟುಂಬಿಕ ಕಾರಣಗಳಿಂದ ಬಡ್ತಿ ಬೇಡ”: ಈ ಸಾಲನ್ನು ನಮ್ಮಿಂದ ಬರೆಸುವವರು ಯಾರು?

ಚರ್ಚೆ ಆರಂಭಿಸಿದವರು: ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಮನೆ ಬದಲಾಯಿಸುವಾಗ ಹಳೆಯ ಟ್ರಂಕಿನಲ್ಲಿ ಒಂದು ಕಾರ್ಬನ್ ಪ್ರತಿ ಸಿಕ್ಕಿತು. 1996ರಲ್ಲಿ ನಾನು ನಮ್ಮ ಬ್ಯಾಂಕಿನ ಸಿಬ್ಬಂದಿ ವಿಭಾಗಕ್ಕೆ ಬರೆದುಕೊಟ್ಟ ಪತ್ರ ಅದು. ಬ್ಯಾಂಕ್ ಅಧಿಕಾರಿಗಳ ದರ್ಜೆಗಳಲ್ಲಿ ಸ್ಕೇಲ್ 2ರಿಂದ ಸ್ಕೇಲ್ 3ಕ್ಕೆ ಬಡ್ತಿಯಾಗಿ ಬಿಹಾರದ ಒಂದು ಶಾಖೆಗೆ ಹೋಗಬೇಕಾಗಿತ್ತು. ಕೌಟುಂಬಿಕ ಕಾರಣಗಳಿಂದ ಬಡ್ತಿಯನ್ನು ಸ್ವೀಕರಿಸಲಾಗುತ್ತಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದ್ದೆ. ಆ ಎರಡು ಸಾಲು ನನ್ನ ಸ್ವಂತದ್ದೂ ಆಗಿರಲಿಲ್ಲ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಹಿಂದಿನ ವರ್ಷ ಬರೆದದ್ದನ್ನು ನೋಡಿ ನಕಲು ಮಾಡಿದ್ದೆ. ಅವರಿಗೆ ಅದು ಇನ್ನೊಬ್ಬರಿಂದ ಬಂದಿತ್ತು. ಮುಂದೆ ನಾನೇ ಸಿಬ್ಬಂದಿ ವಿಭಾಗದಲ್ಲಿ ಕುಳಿತಾಗ ಅದೇ ಒಕ್ಕಣೆಯ ಪತ್ರಗಳು ವರ್ಷ ವರ್ಷವೂ ನನ್ನ ಮೇಜಿಗೆ ಬಂದವು. ಒಬ್ಬಾಕೆ ಹೆಸರನ್ನೂ ಸಿಬ್ಬಂದಿ ಸಂಖ್ಯೆಯನ್ನೂ ಬದಲಿಸಿ, ದಿನಾಂಕವನ್ನು ಬದಲಿಸಲು ಮರೆತಿದ್ದಳು. ಆ ಅವಧಿಯಲ್ಲಿ ನನ್ನ ಕೈಗೆ ಬಂದ ಪತ್ರಗಳಲ್ಲಿ ಗಂಡಸರದ್ದು ಒಂದೇ ಒಂದು. ಅವರ ತಂದೆಗೆ ಡಯಾಲಿಸಿಸ್ ನಡೆಯುತ್ತಿತ್ತು.

ಈ ಪತ್ರಗಳೆಲ್ಲ ಕಡತದಲ್ಲಿ “ಬಡ್ತಿ ನಿರಾಕರಿಸಿದವರು” ಎಂಬ ಒಂದೇ ಶೀರ್ಷಿಕೆಯಡಿ ಸೇರುತ್ತವೆ. ಹತ್ತು ವರ್ಷದ ಬಳಿಕ ಯಾರಾದರೂ ಜನರಲ್ ಮ್ಯಾನೇಜರುಗಳ ಪಟ್ಟಿಯಲ್ಲಿ ಹೆಂಗಸರೇಕೆ ಇಲ್ಲ ಎಂದು ಕೇಳಿದರೆ, “ನಾವು ಕೊಟ್ಟೆವು, ಅವರೇ ಬೇಡವೆಂದರು” ಎನ್ನುವುದಕ್ಕೆ ದಾಖಲೆ ಸಿದ್ಧವಾಗಿರುತ್ತದೆ. ಆ ಉತ್ತರ ಸುಳ್ಳಲ್ಲ, ಆದ್ದರಿಂದಲೇ ಅದರ ಜೊತೆ ಜಗಳವಾಡುವುದು ಕಷ್ಟ.

ಪ್ರವೇಶದ ಬಾಗಿಲು ನಮ್ಮ ಭಾಗದಲ್ಲಿ ಬಹಳ ಹಿಂದೆಯೇ ತೆರೆದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1962ರಲ್ಲಿಯೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ಆರಂಭಿಸಿತ್ತು. 2013ರ ಕೊನೆಯ ಹೊತ್ತಿಗೆ ಸ್ಟೇಟ್ ಬ್ಯಾಂಕಿನಲ್ಲಿ ಅರುಂಧತಿ ಭಟ್ಟಾಚಾರ್ಯ, ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಜಯಲಕ್ಷ್ಮಿ ಅಯ್ಯರ್, ಅಲಹಾಬಾದ್ ಬ್ಯಾಂಕಿನಲ್ಲಿ ಶುಭಲಕ್ಷ್ಮಿ ಪಾನ್ಸೆ, ಖಾಸಗಿ ವಲಯದಲ್ಲಿ ಐಸಿಐಸಿಐಗೆ ಚಂದಾ ಕೊಚ್ಚರ್, ಆಕ್ಸಿಸ್‌ಗೆ ಶಿಖಾ ಶರ್ಮಾ, ಹೀಗೆ ಏಕಕಾಲಕ್ಕೆ ಐದು ದೊಡ್ಡ ಬ್ಯಾಂಕುಗಳ ಚುಕ್ಕಾಣಿ ಹೆಂಗಸರ ಕೈಯಲ್ಲಿತ್ತು. ಇನ್ನು ಚಿಂತೆಯಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಆ ಅಲೆ ಬಂದಷ್ಟೇ ಬೇಗ ಇಳಿಯಿತು. ಹೀಗೇಕೆ ಆಯಿತೆಂದು ಬೇರೆ ಬೇರೆ ಕ್ಷೇತ್ರಗಳಲ್ಲಿ ಇರುವವರು ತಮ್ಮ ಅನುಭವದಿಂದ ಬರೆದರೆ ಉಪಕಾರವಾಗುತ್ತದೆ.

ನಿವೃತ್ತ ಕಾರ್ಖಾನೆ ವ್ಯವಸ್ಥಾಪಕ, ಮೈಸೂರು

ಮೇಡಂ, ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು. ಆದರೆ ನಿಮ್ಮ ಕೈ ಹಿಡಿದು ಯಾರೂ ಸಹಿ ಹಾಕಿಸಲಿಲ್ಲವಲ್ಲ. ಬಡ್ತಿಯೆಂದರೆ ಹೆಚ್ಚಿನ ಸಂಬಳದ ಜೊತೆಗೆ ಹೆಚ್ಚಿನ ಹೊರೆ. ಹೊರೆ ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ, ಆದರೆ ಹಾಗೆಂದ ಮೇಲೆ ಕುರ್ಚಿ ಸಿಗಲಿಲ್ಲವೆಂದು ಸಂಸ್ಥೆಯನ್ನು ದೂರುವುದು ನ್ಯಾಯವೇ? ನನಗೆ ಮೂರು ರಾಜ್ಯಗಳಲ್ಲಿ ವರ್ಗವಾಯಿತು. ನಾನು ಒಮ್ಮೆಯೂ ಬೇಡವೆನ್ನಲಿಲ್ಲ. ನನ್ನ ಮನೆಯವರು ಮೈಸೂರಿನಲ್ಲಿದ್ದ ತಮ್ಮ ಅಧ್ಯಾಪಕ ವೃತ್ತಿಗೆ ರಾಜೀನಾಮೆ ಕೊಟ್ಟು ಜೊತೆಗೆ ಬಂದರು. ಸಂಸಾರದಲ್ಲಿ ಯಾರಾದರೊಬ್ಬರು ಬಿಟ್ಟುಕೊಡಲೇಬೇಕಾಗುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಸರ್, ನಿಮ್ಮ ಮನೆಯವರ ರಾಜೀನಾಮೆ ಪತ್ರದಲ್ಲಿ ಯಾವ ಕಾರಣ ಬರೆದಿತ್ತು ಎಂಬುದನ್ನು ದಯವಿಟ್ಟು ಒಮ್ಮೆ ಅವರನ್ನೇ ಕೇಳಿ ತಿಳಿಸುವಿರಾ?

ಐ.ಟಿ. ಸಂಸ್ಥೆಯ ಡೆಲಿವರಿ ಮ್ಯಾನೇಜರ್, ಬೆಂಗಳೂರು

ನಮ್ಮಲ್ಲಿ ವರ್ಗವಿಲ್ಲ, ಪತ್ರವೂ ಇಲ್ಲ. ಬಡ್ತಿ ಬೇಡವೆಂದು ಬರೆದುಕೊಡುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಕೇಳುವ ಮೊದಲೇ ನಮ್ಮ ಪರವಾಗಿ ಬೇಡವೆಂದು ಹೇಳಿ ಮುಗಿಸಿರುತ್ತಾರೆ. ನನ್ನ ಮಗ ಹುಟ್ಟಿದ ವರ್ಷ ನಾನು 26 ವಾರಗಳ ರಜೆಯಲ್ಲಿದ್ದೆ. 2017ರ ತಿದ್ದುಪಡಿಯ ನಂತರ ಕಾನೂನು ಕೊಟ್ಟ ರಜೆ ಅದು, ಯಾರೂ ಚಕಾರ ಎತ್ತಲಿಲ್ಲ. ಆದರೆ ವರ್ಷಾಂತ್ಯದ ಮೌಲ್ಯಮಾಪನದಲ್ಲಿ ನನಗೆ ಬಂದದ್ದು ಸರಾಸರಿ ಶ್ರೇಣಿ. “ಆರು ತಿಂಗಳು ಕೆಲಸ ಮಾಡಿದವರನ್ನು ಹನ್ನೆರಡು ತಿಂಗಳು ಮಾಡಿದವರಿಗಿಂತ ಮೇಲೆ ಇಡಲು ಹೇಗಾಗುತ್ತದೆ, ನೀವೇ ಹೇಳಿ” ಎಂದು ನನ್ನ ಮ್ಯಾನೇಜರ್ ಬಹಳ ಮೃದುವಾಗಿಯೇ ಕೇಳಿದರು. ಮುಂದಿನ ಹುದ್ದೆಗೆ ಸತತ ಎರಡು ವರ್ಷ ಮೇಲಿನ ಶ್ರೇಣಿ ಬೇಕೆಂಬುದು ನಮ್ಮ ಸಂಸ್ಥೆಯ ನಿಯಮ. ಹಾಗಾಗಿ ಆರು ತಿಂಗಳ ರಜೆಗೆ ನಾನು ತೆತ್ತದ್ದು ಮೂರು ವರ್ಷ.

ಅದೇ ಸಮಯದಲ್ಲಿ ಅಮೆರಿಕದ ಗ್ರಾಹಕರೊಬ್ಬರ ದೊಡ್ಡ ಯೋಜನೆ ಬಂತು. ರಾತ್ರಿ ಒಂಬತ್ತೂವರೆಗೆ ನಿತ್ಯ ಕರೆ ಇರುತ್ತದೆ, ಚಿಕ್ಕ ಮಗುವಿನ ತಾಯಿಗೆ ತೊಂದರೆ ಕೊಡುವುದು ಬೇಡ ಎಂದು ಅದನ್ನು ನನ್ನ ಸಹೋದ್ಯೋಗಿಗೆ ಒಪ್ಪಿಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆ, ನನ್ನ ಮಗ ಎಂಟೂವರೆಗೆಲ್ಲ ಮಲಗಿಬಿಡುತ್ತಿದ್ದ. ಆ ಯೋಜನೆಯನ್ನು ನಡೆಸಿದವರು ಈಗ ಉಪಾಧ್ಯಕ್ಷರು. ಕೆಟ್ಟ ಮನಸ್ಸಿನಿಂದ ಯಾರೂ ಏನೂ ಮಾಡಲಿಲ್ಲ ಎಂಬುದೇ ಇದರಲ್ಲಿ ನನಗೆ ಇಂದಿಗೂ ಬಿಡಿಸಲಾಗದ ಗಂಟು. ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ನೊಬೆಲ್ ಬಂದಾಗ ಅವರ ವಾದವನ್ನು ಓದಿ, ಇದು ನಮ್ಮ ಔಟರ್ ರಿಂಗ್ ರಸ್ತೆಯ ಕಚೇರಿಗಳನ್ನೇ ನೋಡಿ ಬರೆದಂತಿದೆ ಎನ್ನಿಸಿತು. ಯಾವ ಹೊತ್ತಿನಲ್ಲಿ ಕರೆದರೂ ಓಡಿಬರುವವರಿಗೆ ಸಂಬಳ ಲೆಕ್ಕಕ್ಕೆ ಮೀರಿ ಏರುವ ಉದ್ಯೋಗಗಳಲ್ಲಿಯೇ ಗಂಡು ಹೆಣ್ಣಿನ ಅಂತರ ಅತಿ ಹೆಚ್ಚು ಎಂಬುದು ಅವರ ವಾದದ ತಿರುಳು.

ಖಾಸಗಿ ಕಂಪನಿಯ ಮಾನವ ಸಂಪನ್ಮೂಲ ಅಧಿಕಾರಿ, ಬೆಂಗಳೂರು

ಮೇಲಿನ ಬರಹಕ್ಕೆ ಒಂದು ಮಾತು ಸೇರಿಸುತ್ತೇನೆ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಾರದ ಸಂಬಳದವರ ಮಟ್ಟಿಗೆ ಆ 26 ವಾರಗಳ ಪೂರ್ತಿ ಸಂಬಳ ಕಂಪನಿಯ ತಲೆಯ ಮೇಲೆಯೇ ಬರುತ್ತದೆ; ಸರ್ಕಾರ ಒಂದು ರೂಪಾಯಿಯನ್ನೂ ಭರಿಸುವುದಿಲ್ಲ. ತಂದೆಗೆ ಕಡ್ಡಾಯ ರಜೆಯೆಂಬುದು ಖಾಸಗಿ ವಲಯದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸಂದರ್ಶನದ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಲೆಕ್ಕ ನಡೆಯುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೆ ಒಂದು ದಿನದ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿದಾಗಲೂ ನಾನು ಅದನ್ನು ಸ್ವಾಗತಿಸಿದೆ. ಆದರೆ ಅದೇ ವಾರ ಒಬ್ಬ ವಿಭಾಗ ಮುಖ್ಯಸ್ಥರು ನನ್ನ ಮುಂದೆ ಕುಳಿತು ವರ್ಷಕ್ಕೆ ಹನ್ನೆರಡು ದಿನ ಎಂದು ಬೆರಳು ಮಡಿಸಿ ಎಣಿಸಿದ್ದನ್ನು ಮರೆತಿಲ್ಲ.

ಕಂಪನಿ ಸೆಕ್ರೆಟರಿ, ಬೆಂಗಳೂರು

ನಾನು ನಿರ್ದೇಶಕ ಮಂಡಳಿಯ ಸಭೆಗಳಲ್ಲಿ ನಡಾವಳಿ ಬರೆಯುವವನು, ಆದ್ದರಿಂದ ಮೇಲ್ತುದಿಯಲ್ಲಿ ಏನು ನಡೆಯುತ್ತದೆಂಬುದನ್ನು ಹೇಳಬಲ್ಲೆ. 2013ರ ಕಂಪನಿ ಕಾಯ್ದೆಯ 149ನೇ ಕಲಮಿನ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ಮಂಡಳಿಯಲ್ಲಿಯೂ ಕನಿಷ್ಠ ಒಬ್ಬ ಮಹಿಳೆ ಇರಬೇಕು. 100 ಕೋಟಿ ರೂಪಾಯಿ ಬಂಡವಾಳ ಅಥವಾ 300 ಕೋಟಿ ವಹಿವಾಟು ಇರುವ ಇತರ ಪಬ್ಲಿಕ್ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಇದಕ್ಕೆ 2015ರ ಏಪ್ರಿಲ್ 1ರ ಗಡುವು ಹಾಕಿತು. ತಡವಾದರೆ ದಂಡ ಆಗ 50,000 ರೂಪಾಯಿಯಿಂದ ಆರಂಭವಾಗುತ್ತಿತ್ತು.

ಆ ಮಾರ್ಚ್ ತಿಂಗಳಲ್ಲಿ ನಮ್ಮಂಥವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಅನುಭವವೇನು, ಕ್ಷೇತ್ರ ಯಾವುದು ಎಂದು ಯಾರೂ ಕೇಳಲಿಲ್ಲ, “ಡಿನ್ ಸಂಖ್ಯೆ (ನಿರ್ದೇಶಕರ ಗುರುತಿನ ಸಂಖ್ಯೆ) ಎಷ್ಟು ದಿನದಲ್ಲಿ ಸಿಗುತ್ತದೆ?” ಎಂಬುದೊಂದೇ ಪ್ರಶ್ನೆ. ಅನೇಕ ಕಡೆ ಮಾಲೀಕರ ಪತ್ನಿ, ಮಗಳು, ಅತ್ತಿಗೆ ನಿರ್ದೇಶಕಿಯರಾದರು. ನಾನು ಕೆಲಸ ಮಾಡಿದ ಒಂದೆಡೆ ಹೊಸ ನಿರ್ದೇಶಕಿಗೆ ಸಭೆಯ ಕಡತವನ್ನು ಮುಂಚಿತವಾಗಿ ಕಳುಹಿಸಬೇಡಿ, ಸುಮ್ಮನೆ ಅವರಿಗೆ ತೊಂದರೆ ಎಂದು ಅವರ ಯಜಮಾನರೇ ನನಗೆ ಹೇಳಿದ್ದರು. ಕಾನೂನಿನಂತೆ ನಾನು ಕಳುಹಿಸಿದೆ. ಮೂರನೆಯ ಸಭೆಯಲ್ಲಿ ಆಕೆ ಸಂಬಂಧಿತ ಸಂಸ್ಥೆಯೊಂದಕ್ಕೆ ಕೊಟ್ಟ ಸಾಲದ ಬಗ್ಗೆ ಪ್ರಶ್ನೆ ಎತ್ತಿದರು. ಕೋಣೆಯಲ್ಲಿ ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಆ ಪ್ರಶ್ನೆಯನ್ನು ನಾನು ನಡಾವಳಿಯಲ್ಲಿ ಅಕ್ಷರಶಃ ದಾಖಲಿಸಿದ್ದೇನೆ ಎಂಬುದು ನನ್ನ ವೃತ್ತಿಜೀವನದ ಸಣ್ಣ ಸಂತೋಷಗಳಲ್ಲಿ ಒಂದು.

ಈ ಬಂಧುವರ್ಗದ ನೇಮಕಗಳನ್ನು ಕಂಡೇ ಸೆಬಿ ನೇಮಿಸಿದ ಉದಯ್ ಕೋಟಕ್ ಸಮಿತಿ 2017ರಲ್ಲಿ ಸ್ವತಂತ್ರ, ಅಂದರೆ ಮಾಲೀಕರ ಬಂಧುವಲ್ಲದ, ಮಹಿಳಾ ನಿರ್ದೇಶಕಿ ಇರಲೇಬೇಕೆಂದು ಶಿಫಾರಸು ಮಾಡಿತು; ಅದು 2019ರ ಏಪ್ರಿಲ್‌ನಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ, 2020ರಿಂದ ಮೊದಲ 1,000 ಕಂಪನಿಗಳಿಗೆ ಜಾರಿಯಾಯಿತು. ಆದರೆ ಮಂಡಳಿಯಲ್ಲಿ ಕೂರುವುದು ಬೇರೆ, ಕಂಪನಿಯನ್ನು ನಡೆಸುವುದು ಬೇರೆ. ಸ್ವತಂತ್ರ ನಿರ್ದೇಶಕಿ ವರ್ಷಕ್ಕೆ ನಾಲ್ಕಾರು ಬಾರಿ ಬಂದು ಹೋಗುವವರು. ನಾರ್ವೆ 2003ರಲ್ಲಿ ಕಾನೂನು ಮಾಡಿ ಮಂಡಳಿಗಳಲ್ಲಿ ಶೇ. 40ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಸಿಗುವಂತೆ ಮಾಡಿದ ಮೇಲೂ ಅಲ್ಲಿನ ಕಂಪನಿಗಳ ಮುಖ್ಯ ಕಾರ್ಯನಿರ್ವಾಹಕರಲ್ಲಿ ಬಹುಪಾಲು ಗಂಡಸರೇ ಉಳಿದರು. ಮೀಸಲಾತಿ ಬೇಡವೆಂದು ನಾನು ಹೇಳುತ್ತಿಲ್ಲ. 2015ರ ಗಡುವು ಇಲ್ಲದಿದ್ದರೆ ಆ ಸಾಲದ ಪ್ರಶ್ನೆಯನ್ನು ಕೇಳುವವರೇ ಇರುತ್ತಿರಲಿಲ್ಲ. ಅದು ಮೇಲಿನಿಂದ ಇಳಿಬಿಟ್ಟ ಹಗ್ಗ. ಕೆಳಗಿನ ಮೆಟ್ಟಿಲುಗಳನ್ನು ಅದು ಕಟ್ಟಿಕೊಡದು.

ಖಾಸಗಿ ಕಂಪನಿಯ ಮಾನವ ಸಂಪನ್ಮೂಲ ಅಧಿಕಾರಿ, ಬೆಂಗಳೂರು

ಮೆಟ್ಟಿಲುಗಳ ವಿಷಯಕ್ಕೆ ಬಂದರೆ, ಎಲ್ಲ ಮೆಟ್ಟಿಲುಗಳೂ ಮೇಲಕ್ಕೆ ಹೋಗುವುದಿಲ್ಲ. ನಮ್ಮ ಇಲಾಖೆಯನ್ನೇ ನೋಡಿ: ಮಾನವ ಸಂಪನ್ಮೂಲ, ಸಿ.ಎಸ್.ಆರ್. (ಕಂಪನಿಯ ಸಾಮಾಜಿಕ ಹೊಣೆಗಾರಿಕೆ), ಸಾರ್ವಜನಿಕ ಸಂಪರ್ಕ ಇವುಗಳಲ್ಲಿ ಹೆಂಗಸರು ತುಂಬಿದ್ದಾರೆ. ಲಾಭ ನಷ್ಟದ ಲೆಕ್ಕ ಹೊತ್ತ ವಿಭಾಗಗಳಲ್ಲಿ, ಅಂದರೆ ಮಾರಾಟ, ಉತ್ಪಾದನೆ, ವಲಯ ಮುಖ್ಯಸ್ಥರ ಹುದ್ದೆಗಳಲ್ಲಿ, ಅವರು ವಿರಳ. ಆಡಳಿತ ನಿರ್ದೇಶಕರನ್ನು ಆರಿಸುವಾಗ ಮಂಡಳಿ ನೋಡುವುದು ಎರಡನೆಯ ಗುಂಪನ್ನು ಮಾತ್ರ. ಹಿಂದೂಸ್ತಾನ್ ಯುನಿಲಿವರ್‌ನ ಇತಿಹಾಸ 1933ರಷ್ಟು ಹಿಂದಕ್ಕೆ ಹೋಗುತ್ತದೆ. ಅದಕ್ಕೆ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ಪ್ರಿಯಾ ನಾಯರ್ ಬಂದದ್ದು 2025ರ ಆಗಸ್ಟ್‌ನಲ್ಲಿ. ಅವರು ಅದಕ್ಕೂ ಮೊದಲು ಹೋಮ್ ಕೇರ್, ಬ್ಯೂಟಿ ವ್ಯವಹಾರಗಳನ್ನು ಲಾಭ ನಷ್ಟ ಸಮೇತ ನಡೆಸಿದ್ದವರು. ಅದೇ ಸಂಸ್ಥೆಯಿಂದ ಬೆಳೆದ ಲೀನಾ ನಾಯರ್ ಮಾನವ ಸಂಪನ್ಮೂಲ ವಿಭಾಗದಿಂದ ನೇರವಾಗಿ 2022ರಲ್ಲಿ ಫ್ರಾನ್ಸ್ ಮೂಲದ ಫ್ಯಾಷನ್ ಸಂಸ್ಥೆ ಶನೆಲ್‌ನ ಮುಖ್ಯಸ್ಥೆಯಾದರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಆದರು, ಮತ್ತು ಜಗತ್ತಿನಾದ್ಯಂತ ಪತ್ರಿಕೆಗಳು ಅಚ್ಚರಿಪಟ್ಟು ಬರೆದದ್ದು ಇದೇ ಕಾರಣಕ್ಕೆ.

ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್, ಪೀಣ್ಯ

ನೀವೆಲ್ಲ ಹೇಳುತ್ತಿರುವ ಮೇಲಿನ ಮಹಡಿಯನ್ನು ನಾನು ನೋಡಿಲ್ಲ, ನಮ್ಮ ನೆಲದ ಮಾತು ಹೇಳುತ್ತೇನೆ. ನಮ್ಮ ಫ್ಯಾಕ್ಟರಿಯಲ್ಲಿ ಹೊಲಿಯುವವರು, ಚೆಕ್ಕಿಂಗ್ ಮಾಡುವವರು, ಹೆಲ್ಪರ್‌ಗಳು ಬಹುತೇಕ ಹೆಂಗಸರು. ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೂ ಗಂಡಸರು. ಹದಿನಾಲ್ಕು ವರ್ಷ ಟೈಲರ್ ಆಗಿದ್ದ ನನ್ನನ್ನು ಸೂಪರ್‌ವೈಸರ್ ಮಾಡಿದ ಮೊದಲ ತಿಂಗಳಲ್ಲಿ ನನ್ನ ಲೈನಿನ ಟಾರ್ಗೆಟ್ ಬೀಳತೊಡಗಿತು. ಹೆಂಗಸಿಗೆ ಕೊಟ್ಟರೆ ಹೀಗೇ ಎಂದು ಆಡಿಕೊಂಡರು.

ಕಾರಣ ಏನೆಂದು ನಾನು ಒಂದು ವಾರ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದಿಟ್ಟೆ. ಮಷಿನ್ ಕೆಟ್ಟು ನಿಂತಾಗ ಮೆಕ್ಯಾನಿಕ್ ಪಕ್ಕದ ಲೈನಿಗೆ ಐದು ಹತ್ತು ನಿಮಿಷದಲ್ಲಿ ಬರುತ್ತಿದ್ದರು, ನನ್ನ ಲೈನಿಗೆ ಬರಲು ಅರ್ಧ ಗಂಟೆ, ಕೆಲವೊಮ್ಮೆ ನಲವತ್ತು ನಿಮಿಷ. ಪಕ್ಕದ ಸೂಪರ್‌ವೈಸರ್ ಜೊತೆ ಅವರು ಊಟದ ನಂತರ ಗೇಟಿನ ಹೊರಗೆ ಟೀ ಕುಡಿಯುತ್ತಿದ್ದರು. ನಾನು ಅಲ್ಲಿ ಹೋಗಿ ನಿಲ್ಲಲು ಸಾಧ್ಯವಿರಲಿಲ್ಲ. ಆ ಪುಸ್ತಕವನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ಪುಟ ತಿರುವಿ ನೋಡಿ, ಮೆಕ್ಯಾನಿಕ್ ಕರೆದ ಸಮಯವನ್ನೂ ಬಂದ ಸಮಯವನ್ನೂ ಎಲ್ಲ ಲೈನಿನವರೂ ಬರೆಯಬೇಕೆಂದು ಹೇಳಿದರು. ಟಾರ್ಗೆಟ್ ಸರಿಯಾಯಿತು. ಇದಾಗಿ ಆರು ವರ್ಷವಾಯಿತು, ನಾನು ಈಗಲೂ ಸೂಪರ್‌ವೈಸರ್. ನನ್ನ ನಂತರ ಸೂಪರ್‌ವೈಸರ್ ಆದ ಇಬ್ಬರು ಹುಡುಗರು ಫ್ಲೋರ್ ಇನ್‌ಚಾರ್ಜ್ ಆಗಿದ್ದಾರೆ. ಶಿಪ್‌ಮೆಂಟ್ ಇದ್ದಾಗ ತಡರಾತ್ರಿವರೆಗೆ ನಿಲ್ಲಬೇಕಾಗುತ್ತದೆ, ನಿಮಗೆ ಆಗುವುದಿಲ್ಲ ಎಂದರು.

ನಿವೃತ್ತ ಕಾರ್ಖಾನೆ ವ್ಯವಸ್ಥಾಪಕ, ಮೈಸೂರು

ಸೂಪರ್‌ವೈಸರ್ ಅವರ ಬರಹ ಓದಿ ನನ್ನ ಹಿಂದಿನ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕೆನ್ನಿಸಿತು, ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಘಟಕದ ಮುಖ್ಯಸ್ಥನಾಗಬೇಕಾದರೆ ಮೊದಲು ರಾತ್ರಿ ಪಾಳಿಯ ಇನ್‌ಚಾರ್ಜ್ ಆಗಿ ಕೆಲವು ವರ್ಷ ಕಳೆದಿರಬೇಕಿತ್ತು. ಬಾಯ್ಲರ್ ಕೈಕೊಡುವುದು, ಕಾರ್ಮಿಕರು ಮುಷ್ಕರ ಹೂಡುವುದು ಎಲ್ಲವೂ ಆ ಹೊತ್ತಿನಲ್ಲಿಯೇ, ಮೇಲಧಿಕಾರಿಗಳು ಮಲಗಿರುವಾಗಲೇ, ಆಗುತ್ತಿದ್ದದ್ದರಿಂದ ನಿರ್ಧಾರ ತೆಗೆದುಕೊಳ್ಳುವುದನ್ನು ನಾವು ಕಲಿತದ್ದು ಅಲ್ಲಿಯೇ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ಹೆಂಗಸರಿಗೆ ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮಾತ್ರ ಕೆಲಸಕ್ಕೆ ಅವಕಾಶ ಕೊಟ್ಟಿತ್ತು. ನಮ್ಮ ರಾಜ್ಯದಲ್ಲಿ ಅದನ್ನು ಶಾಸನಬದ್ಧವಾಗಿ ಸಡಿಲಿಸಿದ್ದು 2023ರಲ್ಲಿ. ನನ್ನ ಕೈಕೆಳಗೆ ಇದ್ದ ಇಬ್ಬರು ಮಹಿಳಾ ಎಂಜಿನಿಯರುಗಳು ನನಗಿಂತ ಚುರುಕಾಗಿದ್ದರು. ಅವರನ್ನು ಯೋಜನಾ ವಿಭಾಗಕ್ಕೆ, ಗುಣಮಟ್ಟ ವಿಭಾಗಕ್ಕೆ ಹಾಕಿದೆವು. ಆಗ ಅದು ಅವರ ಹಿತಕ್ಕೇ ಎಂದು ನಂಬಿದ್ದೆ.

ಮನೆಯವರನ್ನು ಕೇಳಿದೆ ಮೇಡಂ. ಪತ್ರದಲ್ಲಿ “ವೈಯಕ್ತಿಕ ಕಾರಣ” ಎಂದಿತ್ತಂತೆ.

ಸಗಟು ವ್ಯಾಪಾರಿ ಕುಟುಂಬದ ಮಗಳು, ದಾವಣಗೆರೆ

ಸಂಬಳದ ಉದ್ಯೋಗಗಳ ಬಗ್ಗೆಯೇ ಮಾತು ನಡೆಯುತ್ತಿದೆ. ಈ ದೇಶದ ವ್ಯವಹಾರಗಳಲ್ಲಿ ಹೆಚ್ಚಿನವು ಕುಟುಂಬದವು ಎಂಬುದನ್ನು ಮರೆಯಬಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕೇಂದ್ರ ಕಾನೂನು 2005ರಲ್ಲಿ ಹೇಳುವುದಕ್ಕೆ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ಕರ್ನಾಟಕ ಅದನ್ನು ಹೇಳಿತ್ತು. ನನ್ನ ಹೆಸರಿಗೂ ನಮ್ಮ ಸಂಸ್ಥೆಯಲ್ಲಿ ಪಾಲಿದೆ. ಆದಾಯ ತೆರಿಗೆಯ ಕಾಗದಗಳಿಗೆ ನನ್ನ ಸಹಿ ಬೇಕು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದು ನನ್ನ ತಮ್ಮ, ಮತ್ತು ಬೇರೆ ಊರಿನ ಖರೀದಿದಾರರು ಬಂದಾಗ ಅವನ ಪಕ್ಕದ ಗಾದಿಯ ಮೇಲೆ ನಾನು ಕೂತರೆ ಅಪ್ಪ ಒಳಗಿನಿಂದ ಟೀ ತರಿಸಲು ಹೇಳಿ ಕಳುಹಿಸುತ್ತಾರೆ. ನಾನು ಬಿ.ಕಾಂ. ನಂತರ ಸಿ.ಎ. ಮಾಡಿದವಳು, ಅವನು ಎರಡು ಸಲ ಪಿ.ಯು.ಸಿ. ಬರೆದವನು. ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಕೋಪವಿಲ್ಲ.

ಚೆನ್ನೈನ ಮುರುಗಪ್ಪ ಸಮೂಹದ ಕುಟುಂಬದಲ್ಲಿ ತಂದೆಯ ಪಾಲನ್ನು ಪಡೆದಿದ್ದ ವಲ್ಲಿ ಅರುಣಾಚಲಂ ಅವರು ಸಮೂಹದ ಹಿಡುವಳಿ ಕಂಪನಿಯ ಮಂಡಳಿಯಲ್ಲಿ ಸ್ಥಾನ ಕೇಳಿದಾಗ 2020ರಲ್ಲಿ ಷೇರುದಾರರು ಮತ ಹಾಕಿ ನಿರಾಕರಿಸಿದ ಸುದ್ದಿಯನ್ನು ನಮ್ಮ ಮನೆಯಲ್ಲಿ ಓದಿದಾಗ, ಅಪ್ಪ ಪತ್ರಿಕೆಯನ್ನು ಮಡಿಸಿ ಇಟ್ಟರು, ಏನೂ ಹೇಳಲಿಲ್ಲ. ಹೊರಗೆ ಹೋಗಿ ಸ್ವಂತ ಉದ್ಯಮ ಕಟ್ಟು ಎನ್ನುವವರಿಗೆ ಕಿರಣ್ ಮಜುಂದಾರ್ ಷಾ ಅವರ ಉದಾಹರಣೆ ಸದಾ ನಾಲಿಗೆಯ ತುದಿಯಲ್ಲಿರುತ್ತದೆ. ಆಸ್ಟ್ರೇಲಿಯಾದಲ್ಲಿ ಬ್ರೂ ಮಾಸ್ಟರ್ (ಬಿಯರ್ ತಯಾರಿಕೆಯ ತಜ್ಞ) ತರಬೇತಿ ಪಡೆದು ಬಂದ ಅವರಿಗೆ ಇಲ್ಲಿನ ಮದ್ಯ ತಯಾರಿಕಾ ಕಂಪನಿಗಳು ಕೆಲಸ ಕೊಡಲಿಲ್ಲ, ಆದ್ದರಿಂದ 1978ರಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ 10,000 ರೂಪಾಯಿಯಿಂದ ಬಯೋಕಾನ್ ಆರಂಭವಾಯಿತು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಾಗಿಲು ಮುಚ್ಚಿದವರ ಹೆಸರು ಆ ಕಥೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಬ್ಯಾಂಕ್ ಅಧಿಕಾರಿ, ಸ್ಕೇಲ್ 3, ಹುಬ್ಬಳ್ಳಿ

ಮೇಡಂ, ನಿಮ್ಮ ಕಾರ್ಬನ್ ಪ್ರತಿಯ ಹೊಸ ಆವೃತ್ತಿ ಈಗ ನನ್ನ ಲ್ಯಾಪ್‌ಟಾಪಿನಲ್ಲಿದೆ. ಸ್ಕೇಲ್ 4ಕ್ಕೆ ಬಡ್ತಿ ಬಂದಿದೆ. ಸ್ಥಳ ಇನ್ನೂ ತಿಳಿದಿಲ್ಲ, ಒಡಿಶಾ ಇರಬಹುದೆಂದು ಹೇಳುತ್ತಾರೆ. ಮಗಳು ಎಂಟನೇ ತರಗತಿ. ಪತಿ ಇಲ್ಲಿಯೇ ಕಾಲೇಜಿನಲ್ಲಿ ಉಪನ್ಯಾಸಕರು. ನಿರಾಕರಿಸಲು ಸಹೋದ್ಯೋಗಿಯೊಬ್ಬರು ನಮೂನೆ ಕಳುಹಿಸಿಕೊಟ್ಟಿದ್ದಾರೆ. ಸೋಮವಾರದೊಳಗೆ ಉತ್ತರಿಸಬೇಕು. ಪತಿ ಇರುವ ಊರಿನ ಸಮೀಪದಲ್ಲಿ ನೇಮಿಸುವಂತೆ 2014ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಬ್ಯಾಂಕುಗಳಿಗೆ ಸೂಚಿಸಿದೆಯಲ್ಲ, ಅದನ್ನು ಉಲ್ಲೇಖಿಸಿ ಈಗಲೇ ಅರ್ಜಿ ಕೊಡಲೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಆ ಸೂಚನೆ ಬಂದಾಗ ನಾನು ಸೇವೆಯಲ್ಲಿದ್ದೆ, ಅದರಿಂದ ಎಷ್ಟು ಜನರಿಗೆ ನೆಮ್ಮದಿಯಾಯಿತೆಂದು ಕಣ್ಣಾರೆ ಕಂಡಿದ್ದೇನೆ. ಅದರ ಇನ್ನೊಂದು ಮುಖವನ್ನೂ ಕಂಡಿದ್ದೇನೆ. ಸಮೀಪದ ಸ್ಥಳ ಕೇಳಿ ಪಡೆದವರಿಗೆ ದೊಡ್ಡ ಶಾಖೆಯ ಮುಖ್ಯಸ್ಥರ ಹುದ್ದೆ ಸಿಗುವುದು ಅಪರೂಪ. ಅವರು ಪ್ರಾದೇಶಿಕ ಕಚೇರಿಯ ತಪಾಸಣೆ, ತರಬೇತಿ, ದೂರು ನಿರ್ವಹಣೆಯ ಮೇಜುಗಳಲ್ಲಿ ಉಳಿದುಬಿಡುತ್ತಾರೆ. ಐದು ವರ್ಷದ ನಂತರ ಸ್ಕೇಲ್ 5ರ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಯೇ “ಶಾಖೆ ನಡೆಸಿದ್ದೀರಾ, ಎಷ್ಟು ಕೋಟಿಯ ಸಾಲ ಮಂಜೂರು ಮಾಡಿದ್ದೀರಿ?” ಎಂಬುದು. ಮೇಲೆ ಮಾನವ ಸಂಪನ್ಮೂಲದವರು ಹೇಳಿದ ಎರಡು ಬಗೆಯ ಮೆಟ್ಟಿಲು ನಮ್ಮಲ್ಲಿಯೂ ಇದೆ.

2013ರ ಅಲೆ ಏಕೆ ಇಳಿಯಿತೆಂದು ನಾನೇ ಕೇಳಿದ್ದಕ್ಕೆ ನನಗೆ ತೋರುವ ಒಂದು ಉತ್ತರವೂ ಇಲ್ಲಿದೆ. ಆಗ ಮೇಲಿದ್ದ ಸರ್ಕಾರಿ ಬ್ಯಾಂಕಿನ ಹೆಂಗಸರು ಎಪ್ಪತ್ತರ ದಶಕದ ದ್ವಿತೀಯಾರ್ಧ, ಎಂಬತ್ತರ ದಶಕಗಳಲ್ಲಿ ಸೇರಿದವರು. ಅರುಂಧತಿ ಭಟ್ಟಾಚಾರ್ಯ ಸೇರಿದ್ದು 1977ರಲ್ಲಿ. ತೊಂಬತ್ತರ ದಶಕದಲ್ಲಿ ನೇಮಕಾತಿ ಬಹುಮಟ್ಟಿಗೆ ನಿಂತಿತು, 2000ದ ಸ್ವಯಂ ನಿವೃತ್ತಿ ಯೋಜನೆಯಲ್ಲಿ ನನ್ನ ಗೆಳತಿಯರನೇಕರು ಮಕ್ಕಳ ಓದಿಗೆಂದು ಹೊರಬಿದ್ದರು. ಭಟ್ಟಾಚಾರ್ಯ ಅವರು ತಮ್ಮ ಅವಧಿಯಲ್ಲಿ ಮಹಿಳಾ ನೌಕರರಿಗೆ ಎರಡು ವರ್ಷಗಳ ದೀರ್ಘ ರಜೆಯ ಸೌಲಭ್ಯ ತಂದರು. ಅಂಥದ್ದೊಂದು ನಮಗೆ 1996ರಲ್ಲಿ ಇದ್ದಿದ್ದರೆ ಆ ಪತ್ರ ಬರೆಯುತ್ತಿರಲಿಲ್ಲವೇನೋ.

ನಿಮಗೆ ಏನು ಮಾಡಿ ಎಂದು ಹೇಳಲಾರೆ. ಎಂಟನೇ ತರಗತಿಯ ಮಗಳನ್ನು ಬಿಟ್ಟು ಹೋಗುವುದು ಸಣ್ಣ ಮಾತಲ್ಲ. ಒಪ್ಪುವುದಾದರೆ, ಸ್ಥಳಕ್ಕಾಗಿ ಚೌಕಾಸಿ ಮಾಡಬೇಡಿ, ಹುದ್ದೆಗಾಗಿ ಮಾಡಿ; ಶಾಖಾ ಮುಖ್ಯಸ್ಥರ ಹೊಣೆ ಅಥವಾ ಸಾಲ ವಿಭಾಗ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಒಪ್ಪದಿರುವುದಾದರೆ, ಆ ನಮೂನೆಯನ್ನು ಬಳಸಬೇಡಿ. ಮಗಳ ತರಗತಿ, ಸ್ಥಳ ತಿಳಿಸದಿರುವುದು, ಎರಡು ವರ್ಷ ಮುಂದೂಡಿದರೆ ಹೋಗಲು ಸಿದ್ಧವಿರುವುದು, ಇರುವ ಕಾರಣಗಳನ್ನೆಲ್ಲ ಒಂದೊಂದಾಗಿ ಬರೆಯಿರಿ. ಸಿಬ್ಬಂದಿ ವಿಭಾಗದವರು ಅದನ್ನು ಯಾವ ಶೀರ್ಷಿಕೆಯಡಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಕಡತ ಹಿಡಿದು ಕೂರಲಿ.

ಬ್ಯಾಂಕ್ ಅಧಿಕಾರಿ, ಸ್ಕೇಲ್ 3, ಹುಬ್ಬಳ್ಳಿ

ಒಪ್ಪಿಗೆಯನ್ನೇ ಬರೆಯುತ್ತಿದ್ದೇನೆ, ಶಾಖೆ ಬೇಕೆಂದು ಕೇಳುತ್ತಿದ್ದೇನೆ. ಅತ್ತೆಯವರು ಜೂನ್‌ವರೆಗೆ ಬಂದು ಇರುವುದಾಗಿ ಹೇಳಿದ್ದಾರೆ. ಜೂನ್ ನಂತರದ್ದು ಇನ್ನೂ ಯಾರಿಗೂ ಗೊತ್ತಿಲ್ಲ. ಮೇಡಂ, ಸಾಲ ಮಂಜೂರಾತಿಯ ಅಂಕಿಗಳನ್ನು ಪತ್ರದಲ್ಲಿಯೇ ಹಾಕಲೇ, ಅಥವಾ ಪ್ರತ್ಯೇಕ ಅನುಬಂಧವಾಗಿ ಲಗತ್ತಿಸಲೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಪತ್ರದಲ್ಲಿಯೇ, ಮೊದಲ ಪ್ಯಾರಾದಲ್ಲಿ. ಅನುಬಂಧವನ್ನು ಯಾರೂ ಓದುವುದಿಲ್ಲ.